ಝೀರಾದ ಸಿಹಿನೀರು

ಕರ್ನಾಟಕದ ಭೂಪಟದಲ್ಲಿ ಬೀದರು ಉತ್ತರದ ತುತ್ತತುದಿಯಲ್ಲಿದೆ. ಬೆಂಗಳೂರಿನಿಂದ ಅಲ್ಲಿಗೆ ಸುಮಾರು 700 ಕಿಲೋಮೀಟರುಗಳ ದಾರಿ. ದೇವನಹಳ್ಳಿ, ದೊಡ್ಡಬಳ್ಳಾಪುರಗಳ ಕಡೆಯ ಹೆಬ್ಬಂಡೆಗಳ ಗುಡ್ಡಗಳನ್ನು ಕಂಡು ಬೆಳೆದವರಿಗೆ ಬೀದರಿನ ನೆಲವು ಬೇರೆಯೇ ಒಂದು ಲೋಕದಂತೆ ತೋರುತ್ತದೆ. ಕಲಬುರಗಿಯ ಕರಿಮಣ್ಣಿನ ಬಯಲನ್ನು ದಾಟಿದ ಮೇಲೆ ಭೂಮಿಯು ಮೆಲ್ಲಮೆಲ್ಲನೆ ಏರುತ್ತದೆ, ಏರಿದಂತೆ ಕೆಂಪಾಗುತ್ತದೆ. ಕೋಟೆಯ ಕಲ್ಲು, ಕಂದಕದ ಕಲ್ಲು, ಮನೆಗಳ ತಳಪಾಯದ ಕಲ್ಲು, ಎಲ್ಲವೂ ಕೆಂಪು. ಜಂಬಿಟ್ಟಿಗೆ ಎಂದು ಕರೆಯಲಾಗುವ ಈ ಕಲ್ಲಿನ ವಿಶಾಲವಾದ ಹಾಸಿನ ಮೇಲೆ ಬೀದರು ನಗರವು ಕುಳಿತಿದೆ.

ಜಂಬಿಟ್ಟಿಗೆಯು ಜೇನುಹುಟ್ಟಿನಂತೆ ತೂತುತೂತಾದ ಕಲ್ಲು. ಅದರ ಮೇಲೆ ಬಿದ್ದ ಮಳೆಯ ನೀರು ನಿಲ್ಲುವುದಿಲ್ಲ, ಒಳಗಿಳಿಯುತ್ತದೆ. ಇಳಿಯುತ್ತ ಇಳಿಯುತ್ತ ಕೆಳಗಿನ ಜೇಡಿಯ ಪದರವನ್ನೂ ಗಟ್ಟಿಯಾದ ಕರಿಕಲ್ಲನ್ನೂ ಮುಟ್ಟಿ, ಮುಂದಕ್ಕೆ ಇಳಿಯಲು ದಾರಿಯಿಲ್ಲದೆ ಅಡ್ಡಲಾಗಿ ಸಾಗಿ, ಪ್ರಸ್ಥಭೂಮಿಯ ಅಂಚುಗಳಲ್ಲಿ ಒಸರಾಗಿ ಹೊರಬೀಳುತ್ತದೆ. ಆದುದರಿಂದ ಹಾಸಿನ ಮೇಲೆ ವಾಸಿಸುವವರಿಗೆ ನೀರು ಕಣ್ಣಿಗೆ ಬೀಳದ ವಸ್ತು. ಅಂಚಿನ ಕಣಿವೆಗಳಲ್ಲಿ ಅದು ತಾನಾಗಿ ಹರಿದುಬರುವ ವಸ್ತು. ಸುಮಾರು 1430ರಲ್ಲಿ ಬಹಮನಿ ಸುಲ್ತಾನರು ತಮ್ಮ ರಾಜಧಾನಿಯನ್ನು ಕಲಬುರಗಿಯಿಂದ ಇಲ್ಲಿಗೆ ತಂದಾಗ ನೀರಿನ ಚಿಂತೆಯೂ ಅವರೊಡನೆ ಬಂದಿತು. ಪರ್ಷಿಯಾದೇಶದ ರೀತಿಯಲ್ಲಿ ನೆಲದೊಳಗೆ ಸುರಂಗಗಳನ್ನು ಕೊರೆದು, ಇಂಗಿದ ನೀರನ್ನು ಒಂದೆಡೆಗೆ ಹರಿಸುವ ಕರೇಜ್ ಎಂಬ ಏರ್ಪಾಡನ್ನು ಇಲ್ಲಿ ಮಾಡಿದರು. ಜನರು ಅವನ್ನು ಸುರಂಗಬಾವಿಗಳೆಂದು ಕರೆಯುತ್ತಾರೆ. ರಾಜ್ಯದ ಬೊಕ್ಕಸದ ಬೆಂಬಲವಿದ್ದಲ್ಲಿ ಹೀಗೆ ನೀರು ಬಂದಿತು. ಊರಾಚೆಯ ಬಡವನಿಗೆ ಮಾತ್ರ ಒಂದು ಕೊಡ ಸಿಹಿನೀರು ದಿನದ ದುಡಿಮೆಯಷ್ಟೇ ಭಾರವಾದ ಸಂಗತಿಯಾಗಿ ಉಳಿಯಿತು.

ಸಿಖ್ಖರ ಮೊದಲ ಗುರುವಾದ ನಾನಕರು ಬೀದರಿಗೆ ಬಂದರೆಂದು ಐತಿಹ್ಯವು ಹೇಳುವುದು ಇಂಥ ನೆಲಕ್ಕೆ. 1469ರಲ್ಲಿ ಇಂದಿನ ಪಾಕಿಸ್ತಾನದಲ್ಲಿರುವ ತಲವಂಡಿ ಎಂಬ ಊರಿನಲ್ಲಿ ಜನಿಸಿದ ನಾನಕರು ಬಾಳಿನ ಬಹುಭಾಗವನ್ನು ಸಂಚಾರದಲ್ಲಿ ಕಳೆದವರು. ಅವರ ಈ ದೀರ್ಘ ಯಾತ್ರೆಗಳಿಗೆ ಸಿಖ್ಖರು ಉದಾಸಿಗಳೆಂದು ಹೆಸರಿಟ್ಟಿದ್ದಾರೆ. ಅವರ ದಕ್ಷಿಣ ಯಾತ್ರೆಯು 1510ರಿಂದ 1514ರ ವರೆಗಿನ ಅವಧಿಯಲ್ಲಿ ನಡೆಯಿತೆಂಬುದು ಸಂಪ್ರದಾಯದ ಎಣಿಕೆ. ನರ್ಮದಾ ತೀರದ ಓಂಕಾರೇಶ್ವರವನ್ನು ಕಂಡು, ನಾಂದೇಡು, ಗೋಲ್ಕೊಂಡಗಳ ಮಾರ್ಗವಾಗಿ ಅವರು ಬೀದರನ್ನು ತಲುಪಿದರಂತೆ. ಜೊತೆಯಲ್ಲಿದ್ದವನು ರಬಾಬ್ ಎಂಬ ತಂತಿವಾದ್ಯವನ್ನು ನುಡಿಸುತ್ತಿದ್ದ ಮರ್ದಾನಾ. ನಾನಕರು ಹಿಂದೂ ಮನೆತನದಲ್ಲಿ ಹುಟ್ಟಿದವರು, ಮರ್ದಾನಾ ಮುಸ್ಲಿಮನು. ಬಾಲ್ಯದ ಆ ಗೆಳೆತನವು ಮರ್ದಾನನ ಕೊನೆಯುಸಿರಿನ ವರೆಗೂ ಮುರಿಯಲಿಲ್ಲ.

ಆಗ ಬೀದರಿನ ಸಿಂಹಾಸನದಲ್ಲಿ ಮಹಮೂದ್ ಶಾಹ ಬಹಮನಿಯು ಹೆಸರಿಗೆ ಮಾತ್ರ ಸುಲ್ತಾನನಾಗಿದ್ದನು. ಅಧಿಕಾರವೆಲ್ಲವೂ ಅಮೀರ್ ಬರೀದನ ಕೈಯಲ್ಲಿತ್ತು. 1472ರಲ್ಲಿ ಪೂರ್ಣಗೊಂಡ ಮಹಮೂದ್ ಗವಾನನ ವಿದ್ಯಾಲಯದ ಹೊಳಪು ಇನ್ನೂ ಮಾಸಿರಲಿಲ್ಲವಾದರೂ ರಾಜ್ಯವು ಒಳಗೊಳಗೇ ಒಡೆದುಹೋಗಿತ್ತು. ಇಂಥ ದಿನಗಳಲ್ಲಿ ಊರ ಹೊರಗಿನ ಕಣಿವೆಯೊಂದರಲ್ಲಿ ಮುಸಲ್ಮಾನ ಫಕೀರರು ಗುಡಿಸಲು ಹಾಕಿಕೊಂಡು ವಾಸವಾಗಿದ್ದರು. ನಾನಕರು ಅವರ ಬಳಿಯಲ್ಲಿಯೇ ತಂಗಿದರು. ಮರ್ದಾನನ ರಬಾಬಿನ ನಾದಕ್ಕೂ ಗುರುವಿನ ಹಾಡಿಗೂ ಮನಸೋತು ಫಕೀರರೂ ಸುತ್ತಲಿನ ಜನರೂ ಸೇರಿದರು. ಅವರು ತೋಡಿಕೊಂಡ ದುಃಖ ಒಂದೇ: ಬಾವಿ ತೋಡಿದರೆ ನೀರು ದೊರೆಯದು, ದೊರೆತರೆ ಕುಡಿಯಲು ಬಾರದ ಉಪ್ಪುನೀರು. ಆಗ ಗುರುವು ದೇವರ ನಾಮವನ್ನು ಉಚ್ಚರಿಸಿ ಕಾಲ ಬೆರಳಿನಿಂದ ಒಂದು ಕಲ್ಲನ್ನು ಸರಿಸಲು ಅದರಡಿಯಿಂದ ಸಿಹಿನೀರಿನ ಬುಗ್ಗೆಯೊಂದು ಚಿಮ್ಮಿತೆಂದು ಕಥೆಯು ಹೇಳುತ್ತದೆ. ಝೀರಾ ಎಂದರೆ ಝರಿ. ಆ ಕಣಿವೆಯಲ್ಲಿ ಇಂದು ನಿಂತಿರುವ ದೇಗುಲವೇ ಗುರುನಾನಕ್ ಝೀರಾ ಸಾಹಿಬ್ ಗುರುದ್ವಾರ.

ಈ ಕಥೆಯನ್ನು ಪವಾಡವೆಂದು ನಂಬುವ ಯಾತ್ರಿಕರು ಅಸಂಖ್ಯರು. ಜಂಬಿಟ್ಟಿಗೆಯ ಗುಣವನ್ನು ಬಲ್ಲ ಭೂವಿಜ್ಞಾನಿಯು ಅಂಚಿನ ಕಣಿವೆಯಲ್ಲಿ ಒಸರು ದೊರೆತುದರಲ್ಲಿ ಅಚ್ಚರಿಯೇನೂ ಇಲ್ಲವೆನ್ನಬಹುದು. ಇಬ್ಬರೂ ತಮ್ಮ ತಮ್ಮ ನೆಲೆಯಲ್ಲಿ ಸರಿಯಾದವರೇ. ಕಥೆಯಲ್ಲಿ ಗಮನಿಸಬೇಕಾದ ಇನ್ನೊಂದು ಅಂಶವಿದೆ. ಆ ನೀರನ್ನು ಮೊದಲು ಕುಡಿದವರು ಗುರುವಿನ ಶಿಷ್ಯರಲ್ಲ. ಬೇರೆ ಮತಕ್ಕೆ ಸೇರಿದ ಬಡ ಫಕೀರರು ಮತ್ತು ಕೊಡ ಹೊತ್ತು ಬಂದ ಊರಿನ ಜನರು. ಕುಡಿದವರು ಮತವನ್ನು ಬದಲಿಸಬೇಕೆಂಬ ಮಾತು ಕಥೆಯಲ್ಲಿ ಎಲ್ಲಿಯೂ ಬರುವುದಿಲ್ಲ. ಯಾತ್ರಿಕರು ಇಂದಿಗೂ ಈ ಸ್ಥಳಕ್ಕೆ ಬರುವಾಗ ಮನಸ್ಸಿನಲ್ಲಿ ಹೊತ್ತು ತರುವುದು ಈ ಅಂಶವನ್ನೇ.

ನಾನಕರ ಉಪದೇಶವೂ ಇದರಿಂದ ಬೇರೆಯಾದುದಲ್ಲ. ದೇವರು ಒಬ್ಬನೇ, ಅವನ ನಾಮವನ್ನು ನೆನೆಯಬೇಕು, ಕೈಯಾರೆ ದುಡಿದು ಉಣ್ಣಬೇಕು, ಉಣ್ಣುವುದನ್ನು ಹಂಚಿಕೊಳ್ಳಬೇಕು ಎಂಬ ಮೂರು ಮಾತುಗಳಲ್ಲಿ ಸಿಖ್ಖರು ಅದನ್ನು ಹಿಡಿದಿಟ್ಟಿದ್ದಾರೆ. ನಾನಕರು ತಮ್ಮ ಕೊನೆಯ ವರ್ಷಗಳನ್ನು ರಾವೀ ನದಿಯ ದಡದ ಕರ್ತಾರಪುರದಲ್ಲಿ ಬೇಸಾಯ ಮಾಡುತ್ತ, ಬಂದವರಿಗೆ ಅನ್ನವಿಕ್ಕುತ್ತ ಕಳೆದು 1539ರಲ್ಲಿ ದೇಹ ಬಿಟ್ಟರು. ಕನ್ನಡಿಗರಿಗೆ ಈ ಮಾತುಗಳು ಹೊಸವಲ್ಲ. ಬೀದರಿನಿಂದ ಸುಮಾರು 80 ಕಿಲೋಮೀಟರು ದೂರದ ಕಲ್ಯಾಣದಲ್ಲಿ, ನಾನಕರಿಗಿಂತ ಮುನ್ನೂರು ವರ್ಷಗಳಿಗೂ ಹಿಂದೆ, ಬಸವಣ್ಣನವರೂ ಇತರ ಶರಣರೂ ಕಾಯಕವನ್ನೂ ದಾಸೋಹವನ್ನೂ ಬಾಳಿ ತೋರಿಸಿದ್ದರು. ಒಂದು ಇನ್ನೊಂದರಿಂದ ಬಂದಿತೆಂದು ಹೇಳಲು ಆಧಾರವಿಲ್ಲ. ಹಾಗೆ ಹೇಳಬೇಕಾದ ಅಗತ್ಯವೂ ಇಲ್ಲ. ಒಂದೇ ಸೀಮೆಯ ಮಣ್ಣು ಈ ಎರಡನ್ನೂ ಆದರದಿಂದ ಬರಮಾಡಿಕೊಂಡಿತೆಂಬುದು ಮಾತ್ರ ನಿಜ.

ಸಿಖ್ಖರ ಇತಿಹಾಸದಲ್ಲಿ ಬೀದರಿನ ಹೆಸರು ಎರಡನೆಯ ಸಲ ಕೇಳಿಬರುವುದು ಆನಂದಪುರದಲ್ಲಿ. 1699ರ ವೈಶಾಖಿ ಹಬ್ಬದ ದಿನ ಹತ್ತನೆಯ ಗುರುವಾದ ಗೋವಿಂದಸಿಂಹರು ಅಲ್ಲಿ ನೆರೆದ ಮಹಾಸಭೆಯ ಮುಂದೆ ಹಿರಿದ ಕತ್ತಿಯೊಡನೆ ನಿಂತು, ಧರ್ಮಕ್ಕಾಗಿ ತಲೆಯನ್ನು ಕೊಡುವವರು ಯಾರಿದ್ದೀರಿ ಎಂದು ಕೇಳಿದರು. ಸಭೆಯು ಸ್ತಬ್ಧವಾಯಿತು. ಕೆಲವರು ಹೆದರಿ ಜಾರಿಕೊಂಡರೆಂದೂ ಹೇಳುತ್ತಾರೆ. ಕೊನೆಗೆ ಒಬ್ಬನು ಎದ್ದನು. ಗುರುವು ಅವನನ್ನು ಡೇರೆಯೊಳಕ್ಕೆ ಕರೆದೊಯ್ದು, ರಕ್ತ ಹನಿಯುವ ಕತ್ತಿಯೊಡನೆ ಒಬ್ಬರೇ ಹೊರಬಂದು ಮತ್ತೊಂದು ತಲೆಯನ್ನು ಕೇಳಿದರು. ಹೀಗೆ ಐದು ಸಲ ಕೇಳಿದರು, ಐವರು ಎದ್ದರು. ಅನಂತರ ಆ ಐವರೂ ಹೊಸ ಉಡುಗೆಯಲ್ಲಿ ಜೀವಂತವಾಗಿ ಹೊರಬಂದಾಗ ಜನರು ಬೆರಗಾದರು. ಪಂಜ್ ಪ್ಯಾರೇ, ಎಂದರೆ ಐವರು ಪ್ರೀತಿಪಾತ್ರರು, ಎಂದು ಅವರಿಗೆ ಹೆಸರಾಯಿತು.

ಆ ಐವರು ಯಾರು? ದಯಾರಾಮ್ ಲಾಹೋರಿನ ಖತ್ರಿ. ಧರ್ಮದಾಸ್ ಹಸ್ತಿನಾಪುರದ ಜಾಟ್ ರೈತ. ಹಿಮ್ಮತ್ ಜಗನ್ನಾಥಪುರಿಯ ನೀರು ಹೊರುವವನು. ಮೊಹಕಮ್ ದ್ವಾರಕೆಯ ಬಟ್ಟೆಗೆ ಅಚ್ಚು ಹಾಕುವವನು. ಸಾಹಿಬ್ ಚಂದ್ ಬೀದರಿನ ಕ್ಷೌರಿಕ. ಭಾರತದ ಉತ್ತರ, ಪೂರ್ವ, ಪಶ್ಚಿಮ, ದಕ್ಷಿಣಗಳೆಲ್ಲವೂ ಈ ಐದು ಹೆಸರುಗಳಲ್ಲಿ ಅಡಗಿವೆ. ಐವರಲ್ಲಿ ಮೂವರು ಅಂದಿನ ಸಮಾಜವು ಕೀಳೆಂದು ಎಣಿಸಿದ ಕಸುಬುಗಳವರು ಎಂಬುದೂ ಕಾಣುತ್ತದೆ. ಗುರುವು ಕಬ್ಬಿಣದ ಪಾತ್ರೆಯಲ್ಲಿ ನೀರನ್ನು ಹಾಕಿ, ಸಕ್ಕರೆಯ ಬತ್ತಾಸುಗಳನ್ನು ಬೆರೆಸಿ, ಇಬ್ಬಾಯಿಯ ಖಡ್ಗದಿಂದ ಕಲಕಿ, ಆ ಅಮೃತವನ್ನು ಐವರಿಗೂ ಒಂದೇ ಪಾತ್ರೆಯಿಂದ ಕುಡಿಸಿದರು. ಒಂದೇ ಬಾವಿಯ ನೀರನ್ನು ಸೇದಲು ಎಲ್ಲರಿಗೂ ಹಕ್ಕಿಲ್ಲದಿದ್ದ ಕಾಲವದು. ಆದರೆ ಸಭೆಯನ್ನು ಅದಕ್ಕಿಂತಲೂ ಅಚ್ಚರಿಗೊಳಿಸಿದ್ದು ಮುಂದೆ ನಡೆದ ಸಂಗತಿ. ಗುರುವು ಆ ಐವರ ಮುಂದೆ ಕೈಜೋಡಿಸಿ ನಿಂತು, ಅದೇ ಅಮೃತವನ್ನು ತನಗೂ ಕೊಡಬೇಕೆಂದು ಬೇಡಿಕೊಂಡರು. ಬೀದರಿನ ಕ್ಷೌರಿಕನ ಕೈಯಿಂದ ಗುರುವು ದೀಕ್ಷೆ ಪಡೆದನು! ಅಂದು ಐವರ ಹೆಸರಿಗೂ ಸಿಂಹ ಎಂಬ ಪದವು ಸೇರಿತು. ಸಾಹಿಬ್ ಚಂದ್ ಸಾಹಿಬ್ ಸಿಂಗ್ ಆದನು. ಆತನು ತನ್ನ ಊರಿಗೆ ಮರಳಲಿಲ್ಲ. 1704ರ ಕೊನೆಯಲ್ಲಿ ಚಮಕೌರಿನಲ್ಲಿ ಬೆರಳೆಣಿಕೆಯ ಸಿಖ್ಖರು ಮೊಗಲರ ದೊಡ್ಡ ಸೈನ್ಯವನ್ನು ಎದುರಿಸಿದ ಕಾಳಗದಲ್ಲಿ ಹಿಮ್ಮತ್ ಸಿಂಗ್, ಮೊಹಕಮ್ ಸಿಂಗ್‌ರೊಡನೆ ಸಾಹಿಬ್ ಸಿಂಗನೂ ಮಡಿದನು.

ಸಾಹಿಬ್ ಸಿಂಗನು ಬೀದರಿನಿಂದ ಪಂಜಾಬಿಗೆ ಹೋದಂತೆ, ಪಂಜಾಬಿನಿಂದ ಬೀದರಿನ ಕಡೆಗೆ ಬಂದ ಒಬ್ಬ ಮಹಿಳೆಯಿದ್ದಾಳೆ. ಆಕೆಯ ಹೆಸರು ಮಾಯಿ ಭಾಗೋ. ಗುರುವನ್ನು ತೊರೆದು ಊರಿಗೆ ಹಿಂದಿರುಗಿದ್ದ 40 ಮಂದಿ ಯೋಧರನ್ನು ಆಕೆಯು ಮೂದಲಿಸಿ, ಎಚ್ಚರಿಸಿ, ಮುಂದಾಳಾಗಿ ನಿಂತು 1705ರಲ್ಲಿ ಖಿದ್ರಾಣಾ ಎಂಬಲ್ಲಿ ನಡೆದ ಯುದ್ಧಕ್ಕೆ ಕರೆದೊಯ್ದಳು. ಆ ನಲವತ್ತು ಮಂದಿಯೂ ಅಲ್ಲಿ ಅಸುನೀಗಿದರು. ಗುರುವು ಅವರನ್ನು ಮುಕ್ತರೆಂದು ಹರಸಿದ್ದರಿಂದ ಆ ಸ್ಥಳಕ್ಕೆ ಮುಕ್ತಸರ ಎಂದು ಹೆಸರಾಯಿತು. ಗಾಯಗೊಂಡು ಬದುಕುಳಿದ ಮಾಯಿ ಭಾಗೋ ಗುರುವಿನ ಪರಿವಾರದೊಡನೆ ಗೋದಾವರೀ ತೀರದ ನಾಂದೇಡಿಗೆ ಬಂದಳು. 1708ರಲ್ಲಿ ಗೋವಿಂದಸಿಂಹರು ಅಲ್ಲಿ ದೇಹತ್ಯಾಗ ಮಾಡಿದರು. ಇನ್ನು ಮುಂದೆ ಮನುಷ್ಯ ಗುರುವಿಲ್ಲ, ಗ್ರಂಥವೇ ಗುರು ಎಂದು ಅವರು ಸಾರಿದ್ದು ಅಲ್ಲಿಯೇ. ಗುರುವನ್ನು ಕಳೆದುಕೊಂಡ ಮಾಯಿ ಭಾಗೋ ಬೀದರಿಗೆ ಸಮೀಪದ ಜನವಾಡ ಎಂಬ ಹಳ್ಳಿಗೆ ಬಂದು, ಉಳಿದ ಆಯುಷ್ಯವನ್ನು ಧ್ಯಾನದಲ್ಲಿ ಕಳೆದು ಅಲ್ಲಿಯೇ ಕಣ್ಮುಚ್ಚಿದಳು. ಕತ್ತಿ ಹಿಡಿದ ಆ ಕೈಗಳು ಕನ್ನಡ ನಾಡಿನ ಒಂದು ಹಳ್ಳಿಯಲ್ಲಿ ಜಪಮಾಲೆ ಹಿಡಿದುದನ್ನು ನಮ್ಮ ಚರಿತ್ರೆಯ ಪುಸ್ತಕಗಳು ನೆನೆಯುವುದು ಕಡಿಮೆ. ಜನವಾಡದಲ್ಲಿ ಆಕೆಯ ನೆನಪಿಗೆ ಗುರುದ್ವಾರವಿದೆ. ಝೀರಾಕ್ಕೆ ಬಂದ ಯಾತ್ರಿಕರು ಅಲ್ಲಿಗೂ ಹೋಗಿ ತಲೆಬಾಗುತ್ತಾರೆ.

ನಾಂದೇಡಿನ ಹಜೂರ್ ಸಾಹಿಬ್ ಸಿಖ್ಖರ ಐದು ಮಹಾಪೀಠಗಳಲ್ಲಿ ಒಂದು. ಪಂಜಾಬಿನ ಮಹಾರಾಜ ರಣಜಿತಸಿಂಹನು 1830ರ ದಶಕದಲ್ಲಿ ಅದರ ಕಟ್ಟಡವನ್ನು ಕಟ್ಟಿಸಿದನು. ಆ ಕಾಲದಲ್ಲಿ ದಖ್ಖನಿಗೆ ಬಂದು ನೆಲೆಸಿದ ಸಿಖ್ ಯೋಧರ ಸಂತತಿಯವರು ಇಂದಿಗೂ ನಾಂದೇಡು, ಹೈದರಾಬಾದುಗಳ ಸುತ್ತಮುತ್ತ ಇದ್ದಾರೆ. ಬೀದರೂ ನಾಂದೇಡೂ ಆಗ ಒಂದೇ ಹೈದರಾಬಾದು ಸಂಸ್ಥಾನದ ಊರುಗಳು. 1948ರಲ್ಲಿ ಆ ಸಂಸ್ಥಾನವು ಭಾರತದಲ್ಲಿ ವಿಲೀನವಾಯಿತು. 1956ರ ನವೆಂಬರ್ 1ರಂದು ಬೀದರು ಕನ್ನಡ ನಾಡಿಗೆ ಸೇರಿತು, ನಾಂದೇಡು ಮರಾಠಿ ನಾಡಿನ ಪಾಲಾಯಿತು. ಯಾತ್ರಿಕರ ದಾರಿಯನ್ನು ಮಾತ್ರ ಈ ಗಡಿಯು ತುಂಡರಿಸಲಿಲ್ಲ. ದೂರದ ಪಂಜಾಬಿನಿಂದ ಬಂದವರು ನಾಂದೇಡಿನ ದರ್ಶನ ಮುಗಿಸಿ ಬೀದರಿಗೆ ಬಂದು, ಝರಿಯ ನೀರನ್ನು ಕುಡಿದ ಮೇಲೆಯೇ ತಮ್ಮ ದಕ್ಷಿಣ ಯಾತ್ರೆಯು ಪೂರ್ಣವಾಯಿತೆಂದು ಭಾವಿಸುತ್ತಾರೆ.

ಕೆಂಪು ಗುಡ್ಡಗಳ ನಡುವಣ ತಗ್ಗಿನಲ್ಲಿ ಬೆಳ್ಳಗೆ ಹೊಳೆಯುವ ಗುರುದ್ವಾರವು ದೂರಕ್ಕೇ ಕಾಣುತ್ತದೆ. ಎತ್ತರದ ಕಂಬದ ಮೇಲೆ ನಿಶಾನ್ ಸಾಹಿಬ್ ಎಂಬ ಧ್ವಜವು ಹಾರುತ್ತಿರುತ್ತದೆ. ಯಾತ್ರಿಕನು ಪಾದರಕ್ಷೆಗಳನ್ನು ಹೊರಗೆ ಬಿಟ್ಟು, ಕೈಕಾಲು ತೊಳೆದು, ತಲೆಗೆ ವಸ್ತ್ರವನ್ನು ಕಟ್ಟಿಕೊಂಡು ಒಳಗೆ ಹೋಗಬೇಕು. ಈ ನಿಯಮವು ಯಾವ ಮತದವನಿಗೂ ಒಂದೇ. ಒಳಗೆ ವಿಗ್ರಹವಿಲ್ಲ. ಚಪ್ಪರದ ಕೆಳಗೆ, ಪೀಠದ ಮೇಲೆ, ಗುರುಗ್ರಂಥ ಸಾಹಿಬ್ ವಿರಾಜಿಸುತ್ತದೆ. ಐದನೆಯ ಗುರು ಅರ್ಜುನದೇವರು 1604ರಲ್ಲಿ ಸಂಕಲಿಸಿದ ಈ ಗ್ರಂಥದಲ್ಲಿ ಗುರುಗಳ ವಾಣಿಯ ಜೊತೆಗೆ ನೇಕಾರ ಕಬೀರ, ಚಮ್ಮಾರ ರವಿದಾಸ, ಸೂಫಿ ಸಂತ ಫರೀದ, ನಮ್ಮ ನೆರೆಯ ಮಹಾರಾಷ್ಟ್ರದ ದರ್ಜಿ ನಾಮದೇವ ಇವರ ಪದಗಳೂ ಸೇರಿವೆ. ಅದರ ಮುಂದೆ ಹಣೆಯನ್ನು ನೆಲಕ್ಕೆ ಮುಟ್ಟಿಸಿ, ಕುಳಿತು ಕೀರ್ತನೆಯನ್ನು ಕೇಳಿ, ಗೋಧಿಹಿಟ್ಟು, ತುಪ್ಪ, ಸಕ್ಕರೆಗಳಿಂದ ಮಾಡಿದ ಬಿಸಿ ಪ್ರಸಾದವನ್ನು ಬೊಗಸೆಯಲ್ಲಿ ಪಡೆದು, ಯಾತ್ರಿಕನು ಅಮೃತಕುಂಡದ ಕಡೆಗೆ ನಡೆಯುತ್ತಾನೆ. ಝರಿಯ ನೀರು ಅಲ್ಲಿ ಬಂದು ಸೇರುತ್ತದೆ. ಕುಡಿಯುವವರು ಕುಡಿಯುತ್ತಾರೆ, ಮೀಯುವವರು ಮೀಯುತ್ತಾರೆ, ಮನೆಯಲ್ಲಿ ಹಾಸಿಗೆ ಹಿಡಿದವರಿಗೆಂದು ಸೀಸೆಗಳಲ್ಲಿ ತುಂಬಿಕೊಳ್ಳುವವರೂ ಇದ್ದಾರೆ.

ಆ ಬಳಿಕ ಲಂಗರ್, ಎಂದರೆ ಸಾಮೂಹಿಕ ಭೋಜನ. ನೆಲದ ಮೇಲೆ ಹಾಸಿದ ಉದ್ದನೆಯ ಚಾಪೆಗಳಲ್ಲಿ ಎಲ್ಲರೂ ಸಾಲಾಗಿ ಕುಳಿತುಕೊಳ್ಳಬೇಕು. ರೊಟ್ಟಿಯನ್ನು ಎರಡೂ ಕೈಗಳನ್ನು ಚಾಚಿ ಪಡೆಯಬೇಕು. ಪಕ್ಕದಲ್ಲಿ ಕುಳಿತವನ ಹೆಸರು, ಜಾತಿ, ಊರುಗಳನ್ನು ಕೇಳುವ ಪದ್ಧತಿಯಿಲ್ಲ. ಮೂರನೆಯ ಗುರುವಾದ ಅಮರದಾಸರು, ತಮ್ಮನ್ನು ಕಾಣಬಯಸುವವರು ಮೊದಲು ಈ ಪಂಕ್ತಿಯಲ್ಲಿ ಕುಳಿತು ಉಣ್ಣಬೇಕೆಂದು ವಿಧಿಸಿದ್ದರು. ಅಕ್ಬರ್ ಬಾದಶಹನೂ ಹಾಗೆಯೇ ಉಂಡನೆಂದು ಪ್ರತೀತಿಯಿದೆ. ಬಡಿಸುವವರು, ಪಾತ್ರೆ ತಿಕ್ಕುವವರು, ಹೊರಗೆ ಯಾತ್ರಿಕರ ಪಾದರಕ್ಷೆಗಳ ಧೂಳು ಒರೆಸಿ ಜೋಡಿಸುವವರು, ಇವರಲ್ಲಿ ಬಹುಮಂದಿ ಕೂಲಿಗೆ ಬಂದವರಲ್ಲ, ಸೇವೆಗೆ ಬಂದವರು. ತಮ್ಮ ಊರಿನಲ್ಲಿ ದೊಡ್ಡ ಹುದ್ದೆಯಲ್ಲಿರುವವರೂ ಇಲ್ಲಿ ಕಸಬರಿಕೆ ಹಿಡಿಯುವುದುಂಟು. ಮಂದಿರದಲ್ಲಿ ಕುಳಿತು ಕೇಳಿದ ಸಮಾನತೆಯ ಮಾತು ನಿಜವಾಗಿಯೂ ಒಳಗಿಳಿದಿದೆಯೇ ಎಂಬುದು ಗೊತ್ತಾಗುವುದು ಈ ಪಂಕ್ತಿಯಲ್ಲಿ ಮತ್ತು ಆ ಪಾದರಕ್ಷೆಗಳ ಕಟ್ಟೆಯಲ್ಲಿ.

ಬೆಂಗಳೂರಿನ ಕಡೆಯವರಿಗೂ ನಾನಕರ ನೆನಪಿನಲ್ಲಿ ಪಾಲುಂಟು. ಸಿಂಹಳದಿಂದ ಹಿಂದಿರುಗುವಾಗ ನಾನಕರು ಬೆಂಗಳೂರಿನ ನೆಲದಲ್ಲಿ ತಂಗಿದರೆಂದೂ, ಕೆಂಪೇಗೌಡನು ಅವರನ್ನು ಕಂಡಾಗ ಈ ಸ್ಥಳವನ್ನು ಬೆಳೆಸೆಂದು ಹರಸಿದರೆಂದೂ ಸಿಖ್ಖರು ಹೇಳುವುದುಂಟು. ಕೆಂಪೇಗೌಡನ ಪೂರ್ವಿಕರು ದೇವನಹಳ್ಳಿ ತಾಲ್ಲೂಕಿನ ಆವತಿಯಲ್ಲಿ ನೆಲೆನಿಂತವರು. ಆತನು ಬೆಂಗಳೂರಿನ ಕೋಟೆಯನ್ನು ಕಟ್ಟಿಸಿದ್ದು 1537ರಲ್ಲಿ. ನಾನಕರ ದಕ್ಷಿಣ ಯಾತ್ರೆಗೂ ಈ ವರ್ಷಕ್ಕೂ ಇಪ್ಪತ್ತು ವರ್ಷಗಳಿಗಿಂತ ಹೆಚ್ಚಿನ ಅಂತರವಿರುವುದರಿಂದ ಈ ಮಾತನ್ನು ಚರಿತ್ರೆಯೆಂದು ಒಪ್ಪುವುದು ಕಷ್ಟ. ಆದರೂ ತಾವು ಬಂದು ನೆಲೆಸಿದ ಊರು ತಮ್ಮ ಗುರುವಿನ ಹರಕೆಯಿಂದ ಬೆಳೆದುದೆಂದು ಭಾವಿಸುವುದರಲ್ಲಿ ಎಂಥ ಅಕ್ಕರೆಯಿದೆ! ಹಲಸೂರು ಕೆರೆಯ ಬಳಿಯ ಗುರುದ್ವಾರವು ಇಪ್ಪತ್ತನೆಯ ಶತಮಾನದಲ್ಲಿ ಹೀಗೆ ನೆಲೆಸಿದವರ ಭಕ್ತಿಯ ಫಲ.

ಮತ್ತೆ ಬೀದರಿಗೆ ಬರೋಣ. ಆ ಊರಿನ ಅಂಚುಗಳಲ್ಲಿ ಝೀರಾ ಒಂದೇ ಝರಿಯಲ್ಲ. ಝರಣಿ ನರಸಿಂಹನ ಗುಹೆಯಲ್ಲಿ ಭಕ್ತರು ಎದೆಮಟ್ಟದ ನೀರಿನಲ್ಲಿ, ಮಕ್ಕಳನ್ನು ಹೆಗಲ ಮೇಲೆ ಹೊತ್ತು, ಕತ್ತಲೆಯ ಸುರಂಗದ ಕೊನೆಯ ವರೆಗೆ ನಡೆದುಹೋಗಿ ದೇವರನ್ನು ಕಾಣುತ್ತಾರೆ. ಪಾಪನಾಶದ ಶಿವಾಲಯದ ಬಳಿಯಲ್ಲಿಯೂ ಒಸರುಂಟು. ಊರಾಚೆಯ ಅಷ್ಟೂರಿನಲ್ಲಿ ಬಹಮನಿ ಸುಲ್ತಾನ ಅಹಮದ್ ಶಾಹನ ಗೋರಿಯಿದೆ. ಅವನನ್ನು ಮುಸ್ಲಿಮರು ವಲೀ ಎಂದೂ ಲಿಂಗಾಯತರು ಅಲ್ಲಮಪ್ರಭುವೆಂದೂ ಭಾವಿಸಿ ಅಲ್ಲಿಯ ಉರುಸಿನಲ್ಲಿ ಒಟ್ಟಿಗೆ ನಡೆದುಕೊಳ್ಳುತ್ತಾರೆ. ಇಂಥ ಊರಿನಲ್ಲಿಯೂ ಕೆಟ್ಟ ದಿನಗಳು ಬಾರದೆ ಇರಲಿಲ್ಲ. 1980ರಲ್ಲಿ ಗುರುವಿನ ಹೆಸರಿನಲ್ಲಿ ಇಲ್ಲಿ ಎಂಜಿನಿಯರಿಂಗ್ ಕಾಲೇಜೊಂದು ಆರಂಭವಾಗಿತ್ತು. ಪಂಜಾಬಿನ ತರುಣರೂ ಓದಲು ಬೀದರಿಗೆ ಬರುತ್ತಿದ್ದರು. 1988ರ ಸೆಪ್ಟೆಂಬರಿನಲ್ಲಿ ಹಬ್ಬಿದ ಗಲಭೆಯಲ್ಲಿ ಹಲವು ಸಿಖ್ ವಿದ್ಯಾರ್ಥಿಗಳು ಪ್ರಾಣ ಕಳೆದುಕೊಂಡರು. ಫಕೀರರಿಗೂ ಗುರುವಿಗೂ ಒಂದೇ ಝರಿಯಲ್ಲಿ ನೀರು ಕೊಟ್ಟ ಊರಿನಲ್ಲಿ ಇದು ನಡೆಯಿತೆಂಬುದನ್ನು ಮರೆಮಾಡಲಾಗದು.

ಝರಿಗೆ ಬೇರೊಂದು ಬಗೆಯ ಅಪಾಯವೂ ಇದೆ. ಕಣಿವೆಯ ನೀರಿನ ಮೂಲವು ಕಣಿವೆಯಲ್ಲಿಲ್ಲ. ಮೇಲಿನ ಜಂಬಿಟ್ಟಿಗೆಯ ಹಾಸಿನಲ್ಲಿದೆ. ಅಲ್ಲಿಯ ಹೊಲಗಳು ಬಡಾವಣೆಗಳಾಗಿ ನೆಲವನ್ನು ಕಾಂಕ್ರೀಟು ಮುಚ್ಚಿದಷ್ಟೂ ಇಂಗುವ ಮಳೆಯು ಕಡಿಮೆಯಾಗುತ್ತದೆ. ಕೊಳವೆಬಾವಿಗಳು ಇಂಗಿದ್ದನ್ನೂ ಹೀರಿಬಿಡುತ್ತವೆ. ಹೊಸಕೋಟೆ, ನೆಲಮಂಗಲಗಳ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಹಮನಿಗಳ ಕಾಲದ ಕರೇಜ್ ಕೂಡ ಬಹುಕಾಲ ಹೂಳು ತುಂಬಿ, ಅದರ ಬಾವಿಗಳ ಬಾಯಿಗಳು ಮಣ್ಣಿನಡಿ ಮರೆಯಾಗಿದ್ದವು. 2010ರ ಅನಂತರದ ವರ್ಷಗಳಲ್ಲಿ ಅಧ್ಯಯನಕಾರರು ಅದರ ಜಾಡನ್ನು ಹಿಡಿದು ಗುರುತಿಸಿದರು. ನೌಬಾದಿನ ಬಳಿಯ ಸುರಂಗದಲ್ಲಿ ಹೂಳೆತ್ತುವ ಕೆಲಸವೂ ನಡೆಯಿತು. ಕಾರ್ತಿಕ ಹುಣ್ಣಿಮೆಯಂದು ನಾನಕ ಜಯಂತಿಗೆ ಸಹಸ್ರಾರು ಯಾತ್ರಿಕರು ಝೀರಾದಲ್ಲಿ ಸೇರುತ್ತಾರೆ. ಅಂದು ಅವರ ಬೊಗಸೆಗೆ ಬೀಳುವ ನೀರು ಆ ಮಳೆಗಾಲದಲ್ಲಿಯೋ ಅದಕ್ಕೂ ಹಿಂದಿನ ಮಳೆಗಾಲಗಳಲ್ಲಿಯೋ ಮೇಲಿನ ಹೊಲಗಳಲ್ಲಿ ಬಿದ್ದು, ಕೆಂಪು ಕಲ್ಲಿನೊಳಗೆ ಮೆಲ್ಲನೆ ಇಳಿದು ಬಂದ ನೀರು.